ಕಡಿಮೆ ಸಂಖ್ಯೆಗೆ ಯಜಮಾನಿಕೆ

9 ನವೆಂಬರ್ 1998, ಸೋಮವಾರ

ಅಭಿ ಹಾಲು ಕುಡಿದದ್ದು: ಬೆಳಗ್ಗೆ 5.10, 7.35. ಮಧ್ಯಾಹ್ನ 2.05. ಸಂಜೆ 5.50. ಮಧ್ಯಾಹ್ನ ಎಡಗಡೆ ಬರೀ ಏಳು ನಿಮಿಷ. ಸಾಕಾಯಿತೋ ಇಲ್ಲವೋ ಗೊತ್ತಿಲ್ಲ.

ಬಾಣಂತನ ಮುಗಿಸಿಕೊಂಡು ಬಾಬುರಾಯನಕೊಪ್ಪಲಿನ ಅಮ್ಮನ ಮನೆಯಿಂದ ಬಂದು, ಮತ್ತೆ ಕೆಲಸಕ್ಕೆ ಹಾಜರಾಗಿ ಒಂದು ತಿಂಗಳಾಯಿತು. ಅಭಿಗೆ ಐದು ತಿಂಗಳು. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಹೊಸ ಸಕ್ಕರೆ ಕಾರ್ಖಾನೆ, ಅದರ ಗೇಟಿನ ಎದುರಿಗೇ ನಮ್ಮ ಬಾಡಿಗೆ ಮನೆ. ನನ್ನ ಗಂಡ ಸಂತೋಷ್ ಆದಿಚುಂಚನಗಿರಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾರೆ. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ಮಗು, ಅತ್ತೆ.

ನಾನು ತೊಟ್ಟಿಲಿಗೆ ಬಗ್ಗಿ ಉಸಿರು ಎಣಿಸುತ್ತಿದ್ದದ್ದನ್ನು ಅತ್ತೆ ಇವತ್ತೂ ನೋಡಿದರು. “ಅವ್ವಾ, ನೀನ್ ನೋಡ್ತಾ ಇದ್ರೂ ಉಸ್ರಾಡ್ತದೆ, ನೋಡ್ದೆ ಇದ್ರೂ ಉಸ್ರಾಡ್ತದೆ. ಮನಿಕೊ ಓಗು,” ಅಂದರು. ಮಲಗಿದೆ. ನಿದ್ದೆ ಬರಲಿಲ್ಲ.

ಮಧ್ಯಾಹ್ನ ಎರಡಕ್ಕೆ ನೆಟ್‌ವರ್ಕ್ ಮತ್ತೆ ನಿಂತಿತು. ಕಬ್ಬು ತುಂಬಿದ ಗಾಡಿ ತೂಗುವ ಗೇಟಿನ ತೂಕದ ಮನೆ, ಖಾಲಿ ಗಾಡಿ ತೂಗುವ ಹಿಂದಿನ ತೂಕದ ಮನೆ, ಕಚೇರಿ, ಮೂರೂ ಕಡೆಯ ಕಂಪ್ಯೂಟರುಗಳು ಒಟ್ಟಿಗೇ ಕಲ್ಲಾಗುತ್ತವೆ. ಒಂದೆರಡು ನಿಮಿಷಕ್ಕೆ ನೆಟ್‌ವರ್ಕ್ ತಾನಾಗಿಯೇ ಬರುತ್ತದೆ. ಆದರೆ ಅಷ್ಟರಲ್ಲಿ ತೂಕದ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಬಿಡಿಸಿ ಮತ್ತೆ ಶುರು ಮಾಡಬೇಕಾದವಳು ನಾನು, ಕಂಪ್ಯೂಟರ್ ವಿಭಾಗ ಅಂದರೆ ಹಗಲಿನಲ್ಲಿ ನಾನೊಬ್ಬಳೇ. ನಾನು ಆ ಹೊತ್ತಿಗೆ ಮನೆಯಲ್ಲಿ ಅಭಿಗೆ ಹಾಲು ಕೊಡುತ್ತಿರುತ್ತೇನೆ. ಬರುವ ತನಕ ಅರ್ಧ ಗಂಟೆ ಗಾಡಿಗಳು ಬಿಸಿಲಲ್ಲಿ ನಿಲ್ಲುತ್ತವೆ. ನಿಂತಷ್ಟೂ ಕಬ್ಬು ಒಣಗುತ್ತದೆ, ಒಣಗಿದಷ್ಟೂ ರೈತನಿಗೆ ತೂಕ ನಷ್ಟ.

ಹಿಂದಿರುಗಿದಾಗ ಮ್ಯಾನೇಜರ್ ಚಿಕ್ಕಸ್ವಾಮಿ ಬಾಗಿಲಲ್ಲೇ ನಿಂತಿದ್ದರು. “ಏನಮ್ಮ, ನೀವ್ ಓಗೋದನ್ನೇ ಕಾಯ್ತಾ ಇರ್ತದಾ ಅದು?” ಅಂದರು. ಸುತ್ತಲಿದ್ದವರು ನಕ್ಕರು. ಸಾರಿ ಸಾರ್ ಅಂದೆ. ಎಷ್ಟು ಸಲ ಅಂದೆನೋ, ಕೊನೆಗೆ ಅವರಿಗೇ ಸಾಕಾಗಿ ಒಳಗೆ ಹೋದರು.

ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನಾ? ನಿದ್ದೆಯಿಲ್ಲದ ತಲೆ. ಬೆಳಗ್ಗೆ ಯಾವುದೋ ಕೀಲಿ ಒತ್ತಿ ಮರೆತಿರಬಹುದು.

12 ನವೆಂಬರ್, ಗುರುವಾರ

ಮೆಮೊ ಬಂತು. ಇಲ್ಲೇ ನಕಲು ಮಾಡಿಟ್ಟುಕೊಳ್ಳುತ್ತೇನೆ.

‘ಶ್ರೀಮತಿ ಚಂದ್ರಕಲ ಇವರಿಗೆ. ತಾವು ಕರ್ತವ್ಯದ ವೇಳೆಯಲ್ಲಿ ಸ್ಥಳದಲ್ಲಿ ಇಲ್ಲದಿರುವಾಗಲೇ ಗಣಕ ಜಾಲವು ಪದೇ ಪದೇ ಸ್ಥಗಿತಗೊಳ್ಳುತ್ತಿರುವುದು ಕಂಡುಬಂದಿದ್ದು, ಇದನ್ನು ಸಿಬ್ಬಂದಿಯ ಅಜಾಗರೂಕತೆಯೆಂದು ಪರಿಗಣಿಸಿ ತಮ್ಮನ್ನು ಸೇವೆಯಿಂದ ಏಕೆ ಬಿಡುಗಡೆ ಮಾಡಬಾರದು ಎಂಬುದಕ್ಕೆ ಏಳು ದಿನಗಳೊಳಗೆ ವಿವರಣೆ ನೀಡತಕ್ಕದ್ದು.’

ಡಿಸೆಂಬರಿಗೆ ನಾನು ಕಾಯಂ ಆಗಬೇಕಿತ್ತು.

ನೆಟ್‌ವರ್ಕಿನ ಉಪಕರಣ ಕೂರಿಸಿದ ಮೈಸೂರಿನ ಕಂಪನಿಯವರನ್ನು ಕೇಳಿದರಂತೆ. ಅವರ ಇಂಜಿನಿಯರ್ ರಘುನಂದನ್ ಫೋನಿನಲ್ಲೇ, ನಮ್ಮ ಸಾಮಾನು ಸರಿಯಾಗಿದೆ, ಆಪರೇಟರ್ ತಪ್ಪು ಅಂದರಂತೆ. ಬಂದು ನೋಡುವುದು ಮೂವತ್ತನೇ ತಾರೀಖಿಗಂತೆ.

ಅಭಿ 2.10ಕ್ಕೆ ಕುಡಿದ. ನನ್ನ ಮೈಯಲ್ಲಿ ಹಾಲೇ ಇಳಿಯಲಿಲ್ಲ ಅನಿಸಿತು.

13 ನವೆಂಬರ್, ಶುಕ್ರವಾರ

ಬರೆಯಲು ಆಗುವುದಿಲ್ಲ.

15 ನವೆಂಬರ್, ಭಾನುವಾರ

ಸಂತೋಷ್ ಮೆಮೊ ಓದಿ ಮಡಿಸಿ ಕೊಟ್ಟರು. “ಒಂದ್ ಸಾರಿ ಕ್ಷಮೆ ಕೇಳಿ ಬರ್ದುಕೊಟ್ಬುಡು ಚಂದ್ರ. ದೊಡ್ಡೋರ್ ಹತ್ರ ಏನು,” ಅಂದರು. ಅವರದು ಕೆಟ್ಟ ಮನಸ್ಸಲ್ಲ. ಜಗಳ ಅಂದರೆ ಅವರಿಗೆ ಹೊಟ್ಟೆನೋವು ಬರುತ್ತದೆ.

ಊಟ ಆದ ಮೇಲೆ ಕೂತು ಬರೆದೆ. ‘ನನ್ನಿಂದ ಆಗಿರಬಹುದಾದ ತಪ್ಪಿಗೆ’ ಅಂತ ಶುರು ಮಾಡಿದೆ. ನಾಲ್ಕು ಸಾಲು ಆಯಿತು. ಅಭಿ ಎದ್ದ, ಎತ್ತಿಕೊಂಡು ಹಾಲಿಗೆ ಹಾಕಿಕೊಂಡೆ. ಗಡಿಯಾರ ನೋಡಿದೆ: 2.05. ಆಗ ರಸ್ತೆಯ ಆಚೆಯಿಂದ ಒಂದು ಟ್ರ್ಯಾಕ್ಟರು ಹಾರನ್ ಮಾಡಿತು. ಮತ್ತೊಂದು. ಆಮೇಲೆ ಸಾಲಿನಲ್ಲಿದ್ದವೆಲ್ಲ.

ಆ ಹಾರನ್ನು ನನಗೆ ಗೊತ್ತು. ತೂಕ ನಿಂತಾಗ ಮಾತ್ರ ಹಾಗೆ ಕೂಗುತ್ತವೆ.

ಇವತ್ತು ನನ್ನ ರಜೆ. ನಿನ್ನೆ ಸಂಜೆಯಿಂದ ನಾನು ಕಂಪ್ಯೂಟರ್ ಕೋಣೆಗೆ ಕಾಲಿಟ್ಟಿಲ್ಲ. ಒಂದು ಕೀಲಿಯನ್ನೂ ಒತ್ತಿಲ್ಲ.

“ಯಾಕ್ ನಗ್ತಿದ್ದೀಯ?” ಅಂದರು ಸಂತೋಷ್. ನಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ಸಾಲು ಬರೆದ ಹಾಳೆಯನ್ನು ಅಭಿಯ ಕೈಗೆ ಕೊಟ್ಟೆ. ಅವನು ಬಾಯಿಗೆ ಹಾಕಿಕೊಂಡು ಮುದ್ದೆ ಮಾಡಿದ.

16 ನವೆಂಬರ್, ಸೋಮವಾರ

ಬೆಳಗ್ಗೆ ಹೋದವಳೇ ಸರ್ವರಿನಲ್ಲಿ ತೂಕದ ಪ್ರೋಗ್ರಾಂ ಯಾವ ಯಾವಾಗ ಮತ್ತೆ ಶುರುವಾಗಿದೆ ಅಂತ ತೆಗೆದು ನೋಡಿದೆ. ಒಂದು ತಿಂಗಳದು. ಬೆಳಗ್ಗೆ ಆರರ ಸುತ್ತ, ಮಧ್ಯಾಹ್ನ ಎರಡರ ಸುತ್ತ, ರಾತ್ರಿ ಹತ್ತರ ಸುತ್ತ. ದಿನಾ ಮೂರು ಸಲ. ಆರಕ್ಕೂ ಹತ್ತಕ್ಕೂ ಗಾಡಿ ಕಡಿಮೆ, ರಾತ್ರಿ ಪಾಳಿಯ ಕುಳ್ಳಯ್ಯ ಅಲ್ಲೇ ಇದ್ದು ತಕ್ಷಣ ಬಿಡಿಸುತ್ತಾನೆ, ಯಾರೂ ಕೂಗುವುದಿಲ್ಲ. ನಾನಿಲ್ಲದ ಎರಡು ಗಂಟೆಯದು ಮಾತ್ರ ಎಲ್ಲರ ಕಣ್ಣಿಗೆ.

ಆರು, ಎರಡು, ಹತ್ತು. ಪಾಳಿ ಬದಲಾಗುವ ಹೊತ್ತು. ಪಾಳಿ ಬದಲಾದಾಗ ಏನಾಗುತ್ತದೆ?

ಎರಡಕ್ಕೆ ಮನೆಗೆ ಹೋಗದೆ ಗೇಟಿನ ತೂಕದ ಮನೆಗೆ ಹೋದೆ. ಮಗುವನ್ನು ಅಲ್ಲಿಗೇ ತನ್ನಿ ಅಂತ ಅತ್ತೆಗೆ ಹೇಳಿದ್ದೆ. ಪಾಳಿಗೆ ಬಂದ ಲಿಂಗಣ್ಣ ಟವೆಲ್ಲು ಕೊಡವಿ ಕುರ್ಚಿಯ ಮೇಲೆ ಹಾಕುತ್ತಿದ್ದ. ಕಿಟಕಿಯ ಹೊರಗೆ ಹತ್ತು ಹನ್ನೆರಡು ಜನ ರೈತರು, ಮುಂದೆ ಚಿಕ್ಕಬೋರಮ್ಮ. ನಾಗಮಂಗಲದ ಕಡೆಯವಳು, ತನ್ನ ಕಬ್ಬಿನ ಜೊತೆ ತಾನೇ ಬರುತ್ತಾಳೆ, ಯಾರನ್ನೂ ನಂಬುವುದಿಲ್ಲ.

ಲಿಂಗಣ್ಣ ಗೋಡೆಯ ಮೈನ್ ಸ್ವಿಚ್ಚಿಗೆ ಕೈಹಾಕಿ ಕೂಗಿದ: “ನೋಡ್ಕಳ್ರಪ್ಪೋ, ಆರುಸ್ತಾ ಇವ್ನಿ.”

“ಆ ಮಿಣಿಮಿಣಿ ಡಬ್ಬಿನೂ ಆರ್ಬೇಕು ಕಣ್ಲಾ,” ಅಂದಳು ಚಿಕ್ಕಬೋರಮ್ಮ.

“ಅದು ತೂಕುದ್ದಲ್ಲ ಕಣಮ್ಮೋ, ಕಂಪ್ಯೂಟ್ರುದ್ದು.”

“ಯಾರ್ದಾರೂ ಆಗ್ಲಿ. ಕಣ್ ಮಿಟುಕುಸ್ತಾ ಕುಂತಿರೋದ್ನ ಎಂಗ್ಲಾ ನಂಬದು?”

ಸ್ವಿಚ್ಚು ಬಿತ್ತು. ದೀಪ, ಫ್ಯಾನು, ತೂಕದ ಅಂಕಿ, ಮೂಲೆಯ ಶೆಲ್ಫಿನಲ್ಲಿದ್ದ ನೆಟ್‌ವರ್ಕಿನ ಡಬ್ಬಿ, ಎಲ್ಲ ಆರಿದವು. ಜನ ಕಿಟಕಿಗೆ ಮುಖ ಒತ್ತಿ ನೋಡಿದರು. ಲಿಂಗಣ್ಣ ಹತ್ತು ಎಣಿಸಿ ಮತ್ತೆ ಹಾಕಿದ. ಖಾಲಿ ಹಲಗೆಯ ಮೇಲೆ ತೂಕದ ಕೆಂಪು ಅಂಕಿ ಕುಣಿದು ಕುಣಿದು ಸೊನ್ನೆಗೆ ಬಂದು ನಿಂತಿತು. “ಸೊನ್ನೆ,” ಅಂದ. “ಸೊನ್ನೆ,” ಅಂದರು ಎಲ್ಲರೂ. ಆಮೇಲೆ ಮೊದಲ ಗಾಡಿ ಹಲಗೆ ಹತ್ತಿತು.

“ದಿನಾ ಹೀಗೆಯಾ?” ಕೇಳಿದೆ.

“ಪ್ರತೀ ಪಾಳಿಗೂ, ಮೇಡಮ್ಮೋರೇ. ಸೊನ್ನೆ ತೋರಿಸ್ದೆ ಒಂದ್ ಗಾಡಿ ಅತ್ತಾಕಿಲ್ಲ. ನಮ್ಮಪ್ಪ ಆಲೆಮನೆ ತಕ್ಕಡಿ ಇಡ್ಕೊಂಡಾಗ್ಲೂ ಖಾಲಿ ತಟ್ಟೆ ತೋರುಸ್ದೆ ತೂಗ್ತಿರ್ಲಿಲ್ಲ.”

ಅಷ್ಟರಲ್ಲಿ, ಮತ್ತೆ ಹೊತ್ತಿಕೊಂಡಿದ್ದ ಅವನ ಕಂಪ್ಯೂಟರು ಕಲ್ಲಾಗಿತ್ತು. ಹಾರನ್ನು ಶುರುವಾದವು. ಅತ್ತೆ ಅಳುವ ಅಭಿಯನ್ನು ಎತ್ತಿಕೊಂಡು ಗಾಡಿಗಳ ನಡುವೆ ಬರುತ್ತಿದ್ದರು. ಕಬ್ಬಿನ ಹೊರೆಯ ನೆರಳಿನಲ್ಲಿ ಕೂತು ಹಾಲು ಕೊಟ್ಟೆ. ಚಿಕ್ಕಬೋರಮ್ಮ ಸೆರಗು ಅಗಲಿಸಿ ಅಡ್ಡ ನಿಂತಳು.

ಎಷ್ಟು ನಿಮಿಷ ಕುಡಿದ ಅಂತ ನೋಡಲಿಲ್ಲ.

17 ನವೆಂಬರ್, ಮಂಗಳವಾರ

ಬಾಯಿ ಬಿಟ್ಟದ್ದೇ ತಪ್ಪಾಯಿತು.

ಬೆಳಗ್ಗೆ ಚಿಕ್ಕಸ್ವಾಮಿಯವರಿಗೆ ಹೇಳಿದೆ: ನಾನಲ್ಲ ಸಾರ್, ಸೊನ್ನೆ ತೋರಿಸುವಾಗ ಆ ಡಬ್ಬಿ ಆರುತ್ತದೆ, ಅದು ಆರಿದಾಗ ಎಲ್ಲ ನಿಲ್ಲುತ್ತದೆ. ಅವರು ಮೇಜು ತಟ್ಟಿದರು. “ಇಷ್ಟೇನಾ? ಇವತ್ತಿಂದ ಸೊನ್ನೆಗಿನ್ನೆ ಬ್ಯಾಡ ಅಂತ ಏಳ್ತೀನಿ. ಮುಗೀತು.” ಮೆಮೊ? “ಅದು ಬೇರೆ ವಿಷ್ಯ. ನೀವು ಜಾಗದಲ್ಲಿ ಇರ್ಲಿಲ್ಲ ಅನ್ನೋದು ಇದ್ದೇ ಅದೆ.”

ಎರಡಕ್ಕೆ ಲಿಂಗಣ್ಣ ಸ್ವಿಚ್ಚು ಮುಟ್ಟಲಿಲ್ಲ. ಒಂದು ಗಾಡಿಯೂ ಹಲಗೆ ಹತ್ತಲಿಲ್ಲ. ಸಾಲು ಗೇಟು ದಾಟಿ ರಸ್ತೆಗೆ ಬಂತು. ಯಾರೋ ಲಿಂಗಣ್ಣನ ಕಾಲರಿಗೆ ಕೈಹಾಕಿದರು. “ನಾನೇನ್ಲಾ ಮಾಡ್ಲಿ, ಆಪೀಸಿಂದ ಆರ್ಡ್ರು,” ಅಂತ ಅವನು ಕೂಗುತ್ತಿದ್ದ. ಐದು ಗಂಟೆಗೆ ಚಿಕ್ಕಸ್ವಾಮಿಯವರೇ ಬಂದು ಸೊನ್ನೆ ತೋರಿಸಿ ಅಂದ ಮೇಲೆ ತೂಕ ಶುರುವಾಯಿತು.

ನಾನು ಮನೆಗೆ ಹೊರಟಾಗ ಚಿಕ್ಕಬೋರಮ್ಮ ಗೇಟಿನಲ್ಲಿ ತಡೆದಳು. “ಸೊನ್ನೆ ನಿಲ್ಸಿ ಅಂತ ಯಾರೋ ಓದ್ದೋರು ಏಳ್ಕೊಟ್ರಂತೆ. ಅದ್ಯಾರವ್ವ?”

ಸುಳ್ಳು ಹೇಳಬಹುದಿತ್ತು. “ನಿಲ್ಲಿಸಿ ಅನ್ನಲಿಲ್ಲ. ಆದರೆ ಹೇಳಿದ್ದು ನಾನೇ,” ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಕೂಸಿನ್ ತಾಯಿ ನೀನು. ಮಗ ಎಷ್ಟ್ ಕುಡೀತು ಅಂತ ನೀನ್ ನೋಡ್ಕಳಾಕಿಲ್ವಾ? ನಮ್ ಕಬ್ಬೂ ಅಂಗೇಯ ಕಣವ್ವ. ಒಂದ್ ವರ್ಸ ಸಾಕಿರ್ತೀವಿ.”

ನನ್ನ ತಲೆ ಉಳಿಸಿಕೊಳ್ಳಲು ಹೋಗಿ ಅವರ ಸೊನ್ನೆಗೆ ಕೈಹಾಕಿದ ಹಾಗಾಯಿತು. ಇಲ್ಲ. ಸೊನ್ನೆಯೂ ಇರಬೇಕು, ನನ್ನ ಕೆಲಸವೂ ಇರಬೇಕು. ಎರಡೂ ಇರುವ ದಾರಿ ಆ ಡಬ್ಬಿಯೊಳಗೇ ಇರಬೇಕು.

18 ನವೆಂಬರ್, ಬುಧವಾರ

ಬೀರುವಿನಲ್ಲಿ ಆ ಡಬ್ಬಿಗಳ ಪುಸ್ತಕ ಇತ್ತು, ಪ್ಲಾಸ್ಟಿಕ್ ಕವರೂ ಹರಿಯದೆ. ನಿನ್ನೆ ಮನೆಗೆ ತಂದಿದ್ದೆ. ತೊಟ್ಟಿಲ ಹಗ್ಗ ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಓದಿದೆ. ಕೆಲವು ಪುಟ ನಾಲ್ಕು ಸಲ. ಹೇಗೂ ಎಚ್ಚರ ಇರುತ್ತೇನೆ, ಎಚ್ಚರಕ್ಕೆ ಒಂದು ಕೆಲಸ ಸಿಕ್ಕಿತು.

ಬರೆದರೆ ತಲೆಗೆ ಹತ್ತುತ್ತದೆ, ಬರೆಯುತ್ತೇನೆ.

ಈ ಡಬ್ಬಿಗೆ ಬ್ರಿಜ್ ಅಂತ ಹೆಸರು. ಒಂದು ಕಡೆಯ ಕಂಪ್ಯೂಟರುಗಳ ಸುದ್ದಿಯನ್ನು ಇನ್ನೊಂದು ಕಡೆಗೆ ದಾಟಿಸುವುದು ಇದರ ಕೆಲಸ. ನಮ್ಮಲ್ಲಿ ಮೂರಿವೆ: ಕಚೇರಿ, ಗೇಟು, ಹಿಂದಿನ ತೂಕದ ಮನೆ. ಮೂರಕ್ಕೂ ಸುತ್ತು ಕಟ್ಟಿ ಕೇಬಲ್ಲು ಎಳೆದಿದ್ದಾರೆ. ಟ್ರೈಲರು ಸಿಕ್ಕಿ ಒಂದು ಕಡೆ ಕೇಬಲ್ಲು ಹರಿದರೂ ಇನ್ನೊಂದು ಕಡೆಯಿಂದ ಸುದ್ದಿ ಹೋಗಲಿ ಅಂತ. ಆದರೆ ಸುತ್ತು ಪೂರ್ತಿ ತೆರೆದಿದ್ದರೆ ಸುದ್ದಿ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ, ಹೊಸದಕ್ಕೆ ಜಾಗ ಇರುವುದಿಲ್ಲ. ಅದಕ್ಕೆ ಮೂರೂ ಮಾತಾಡಿಕೊಂಡು ಒಂದನ್ನು ಯಜಮಾನ ಮಾಡುತ್ತವೆ. ಯಜಮಾನನಿಂದ ದಾರಿ ಲೆಕ್ಕ ಹಾಕಿ, ಹೆಚ್ಚಾದ ಒಂದು ದಾರಿಯನ್ನು ಮುಚ್ಚಿಡುತ್ತವೆ. ಯಜಮಾನ ಆರಿಹೋದರೆ ಎಲ್ಲ ಕೆಲಸ ನಿಲ್ಲಿಸಿ ಹೊಸಬನನ್ನು ಆರಿಸುತ್ತವೆ, ಸುಮಾರು ಮುಕ್ಕಾಲು ನಿಮಿಷ. ಹಳಬ ಎದ್ದು ಬಂದರೆ ಅವನಿಗೇ ಪಟ್ಟ ಬಿಟ್ಟುಕೊಡುತ್ತವೆ, ಇನ್ನೊಂದು ಅರ್ಧ ನಿಮಿಷ.

ನಮ್ಮ ಯಜಮಾನ ಯಾರು? ದಿನಕ್ಕೆ ಮೂರು ಸಲ ಲಿಂಗಣ್ಣನೂ ಉಳಿದ ಪಾಳಿಯವರೂ ಆರಿಸುವ ಗೇಟಿನ ಡಬ್ಬಿ.

ಯಾಕೆ ಅದೇ? ಇವತ್ತು ಕಚೇರಿಯ ಡಬ್ಬಿಗೆ ಕೇಬಲ್ಲು ಸಿಕ್ಕಿಸಿ, ಕಪ್ಪು ಪರದೆಯಲ್ಲಿ ಒಂದೊಂದೇ ಸಾಲು ಹೊಡೆದು ಕೇಳಿದೆ. ನೋಡುವುದಕ್ಕಷ್ಟೇ, ಏನೂ ಬದಲಿಸಲಿಲ್ಲ. ಪ್ರತಿ ಡಬ್ಬಿಗೂ ಪ್ರಯಾರಿಟಿ ಅಂತ ಒಂದು ಸಂಖ್ಯೆ. ಬರುವಾಗಲೇ ಎಲ್ಲಕ್ಕೂ 32768 ಇರುತ್ತದೆ. ಸಮ ಬಿದ್ದರೆ ಯಾವುದರ ವಿಳಾಸದ ಅಂಕಿ ಚಿಕ್ಕದೋ ಅದಕ್ಕೆ ಪಟ್ಟ. ಗೇಟಿನದೂ ಹಿಂದಿನದೂ 32768, ಎರಡರಲ್ಲಿ ಗೇಟಿನದರ ವಿಳಾಸ ಚಿಕ್ಕದು. ಕಚೇರಿಯದು ಮಾತ್ರ 65535.

ಡಬ್ಬಿ ಕೂರಿಸಿದ ದಿನ ನೆನಪಿಗೆ ಬಂತು. ನಾನು ಆಗ ಏಳು ತಿಂಗಳ ಬಸುರಿ. ರಘುನಂದನ್ ಚಿಕ್ಕಸ್ವಾಮಿಯವರಿಗೆ, “ಸಾರ್, ನಿಮ್ಮ ಕಚೇರಿಗೆ ಎಲ್ಲಕ್ಕಿಂತ ದೊಡ್ಡ ನಂಬರ್ ಕೊಟ್ಟಿದ್ದೀನಿ, ಅದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ,” ಅಂದಿದ್ದರು. ಚಿಕ್ಕಸ್ವಾಮಿಯವರು ಸಂತೋಷಪಟ್ಟು ಬೋಂಡ ತರಿಸಿದ್ದರು. ನಾನೂ ಎರಡು ತಿಂದಿದ್ದೆ.

ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿದೆ: ಸಂಖ್ಯೆ ಕಡಿಮೆಯಾದಷ್ಟೂ ಹಕ್ಕು ಹೆಚ್ಚು. ಕಬ್ಬಿನ ಸಾಲಿನಲ್ಲಿ ಒಂದನೇ ಟೋಕನ್ ಇದ್ದವರು ಮೊದಲು, ಇನ್ನೂರರವರು ಆಮೇಲೆ. ಚಿಕ್ಕಬೋರಮ್ಮನಿಗೆ ಗೊತ್ತಿರುವುದು ಇಂಜಿನಿಯರಿಗೆ ಗೊತ್ತಿಲ್ಲ. ಕಚೇರಿಗೆ ಮರ್ಯಾದೆ ಕೊಡಲು ಹೋಗಿ ಸಾಲಿನ ಕಟ್ಟಕಡೆಗೆ ನಿಲ್ಲಿಸಿದ್ದಾರೆ.

19 ನವೆಂಬರ್, ಗುರುವಾರ

ಮೆಮೊಗೆ ಉತ್ತರ ಕೊಟ್ಟೆ. ಒಂದು ತಿಂಗಳ ಸಮಯಪಟ್ಟಿ ಲಗತ್ತಿಸಿದೆ. ಭಾನುವಾರದ್ದಕ್ಕೆ ಕೆಂಪು ಗೆರೆ ಎಳೆದೆ. ಕಚೇರಿಯ ಸಂಖ್ಯೆಯನ್ನು 65535ರಿಂದ 100ಕ್ಕೆ ಇಳಿಸಲು ಅನುಮತಿ ಕೊಡಿ ಅಂದೆ. ಕೊನೆಗೆ, ಮಗುವಿಗೆ ಹದಿನೈದು ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲು ಕೊಡುವ ಬಿಡುವು ಕಾನೂನಿನಲ್ಲೇ ಇದೆ, ನಾನು ಒಂದೇ ತೆಗೆದುಕೊಳ್ಳುತ್ತಿದ್ದೇನೆ ಅಂತ ಸೇರಿಸಿದೆ. ಕ್ಷಮೆ ಅನ್ನುವ ಪದ ಎಲ್ಲೂ ಇಲ್ಲ, ಎರಡು ಸಲ ಓದಿ ನೋಡಿಕೊಂಡೆ.

ಚಿಕ್ಕಸ್ವಾಮಿಯವರು ಕನ್ನಡಕ ಏರಿಸಿ ಓದಿದರು. “ಇಳ್ಸೋದಾ? ನಮ್ ಆಪೀಸ್ನ ನೂರಕ್ಕೆ ಇಳ್ಸೋದಾ?”

“ಕಡಿಮೆ ಇದ್ದರೇ ಮೇಲು, ಸಾರ್.”

“ಇಂಜಿನಿಯರಿಗಿಂತ ನಿಮಗ್ ಜಾಸ್ತಿ ಗೊತ್ತಾ? ಮೂವತ್ತಕ್ಕೆ ಬರ್ತಾವ್ರೆ. ಅವ್ರು ಏನ್ ವರದಿ ಕೊಡ್ತಾರೋ ಅದ್ರ ಮೇಲೆ ನಿಮ್ಮ ವಿಷ್ಯ ತೀರ್ಮಾನ. ಅಲ್ಲಿಗಂಟ ಏನೂ ಮುಟ್ಬ್ಯಾಡಿ.”

ತಪ್ಪು ಮಾಡಿದವರೇ ನನ್ನ ತಪ್ಪಿನ ತೀರ್ಪು ಕೊಡುತ್ತಾರೆ. ಅಲ್ಲಿಯ ತನಕ ಹನ್ನೊಂದು ದಿನ, ದಿನಾ ಗಾಡಿ ಬಿಸಿಲಲ್ಲಿ.

ಮುಟ್ಟುತ್ತೇನೆ.

20 ನವೆಂಬರ್, ಶುಕ್ರವಾರ

ಎರಡಕ್ಕೆ ಹೇಗೂ ಎಲ್ಲ ನಿಲ್ಲುತ್ತದೆ. ಆ ನಿಲುಗಡೆಯೊಳಗೇ ಮಾಡಿದರೆ ನನ್ನಿಂದ ಒಂದು ಗಾಡಿಯೂ ಹೆಚ್ಚಿಗೆ ಕಾಯಬೇಕಿಲ್ಲ. ಒಂದೂವರೆಗೆ ಕೇಬಲ್ಲು ಸಿಕ್ಕಿಸಿ ಕೂತೆ. ಮನೆಗೆ ಹೋಗಲಿಲ್ಲ.

ಎರಡಕ್ಕೆ ಐದು ನಿಮಿಷ ಮೊದಲೇ ಅತ್ತೆ ಬಂದುಬಿಟ್ಟರು. ಅನುಮತಿಯಿಲ್ಲದೆ ಪ್ರವೇಶವಿಲ್ಲ ಅಂತ ಬೋರ್ಡಿದೆ, ಅವರು ಓದುವುದಿಲ್ಲ. “ಇವ್ನು ಇಡೀ ಬೀದಿ ಎಬ್ಬುಸ್ಬುಟ್ಟ. ತಕೊ,” ಅಂತ ಅಭಿಯನ್ನು ಮಡಿಲಿಗೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತರು. “ಯಾರಾರ ಬಂದ್ರೆ ನಾನ್ ನೋಡ್ಕತೀನಿ. ನೀನು ಅದೇನ್ ಕುಟ್ಬೇಕೋ ಕುಟ್ಟು.”

ಎಡಗೈಯಲ್ಲಿ ಮಗು, ಬಲಗೈ ಒಂದೇ ಕೀಲಿಗಳಿಗೆ. ಪಕ್ಕದ ಪರದೆ ಕಲ್ಲಾಯಿತು. ಲಿಂಗಣ್ಣ ಸ್ವಿಚ್ಚು ಎಳೆದ ಅಂತ ಅರ್ಥ. ಹೊಡೆದೆ: ಸೆಟ್ ಸ್ಪ್ಯಾನ್‌ಟ್ರೀ ಪ್ರಯಾರಿಟಿ, ಒಂದು, ಸೊನ್ನೆ, ಸೊನ್ನೆ. ಎಂಟರ್ ಮೇಲೆ ಬೆರಳಿಟ್ಟೆ. ಅಭಿ ಕಚ್ಚಿದ. ಒತ್ತಿದೆ.

ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಕೇಳಿದೆ, ಯಜಮಾನ ಯಾರು? ಪರದೆ ಉತ್ತರ ಕೊಟ್ಟಿತು: ಈ ಬ್ರಿಜ್ಜೇ. ಅಷ್ಟರಲ್ಲಿ ಗೇಟಿನದು ಮತ್ತೆ ಹೊತ್ತಿಕೊಂಡಿತ್ತು. ಪಟ್ಟ ಕೇಳಲಿಲ್ಲ, ತನ್ನ ಜಾಗದಲ್ಲಿ ಕೂತಿತು.

“ಆಯ್ತಾ?” ಅಂದರು ಅತ್ತೆ.

“ಹತ್ತು ಗಂಟೆಯ ಪಾಳಿಗೆ ಗೊತ್ತಾಗುತ್ತದೆ.”

ಹತ್ತೂಕಾಲಿಗೆ ಕುಳ್ಳಯ್ಯ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಹೇಳಿ ಹೋದ. ಗೇಟಿನಲ್ಲಿ ಸೊನ್ನೆ ತೋರಿಸಿದರು, ಹಿಂದಿನ ತೂಕದ ಮನೆಯಲ್ಲಿ ಖಾಲಿ ಗಾಡಿ ತೂಗುತ್ತಲೇ ಇದ್ದರು.

21 ನವೆಂಬರ್, ಶನಿವಾರ

ಹನ್ನೆರಡಕ್ಕೆ ಕರೆಂಟು ಹೋಗಿ ಬಂತು, ಕಚೇರಿಯ ಡಬ್ಬಿ ಆರಿ ಹೊತ್ತಿಕೊಂಡಿತು. ಎರಡಕ್ಕೆ ಎಲ್ಲ ನಿಂತಿತು. ನೋಡಿದರೆ ಮತ್ತೆ 65535. ಸೇವ್ ಅಂತ ಇನ್ನೊಂದು ಸಾಲು ಹೊಡೆಯಬೇಕಿತ್ತು. ಪುಸ್ತಕದ ಮುಂದಿನ ಪುಟದಲ್ಲೇ ಇತ್ತು. ಅದನ್ನು ಕಾಣುವಷ್ಟರಲ್ಲಿ ತೂಕ ಶುರುವಾಗಿತ್ತು, ಇನ್ನು ಸೋಮವಾರದ ನಿಲುಗಡೆಗೇ.

ಕತ್ತೆ.

23 ನವೆಂಬರ್, ಸೋಮವಾರ

ಎರಡಕ್ಕೆ ಮತ್ತೆ ಹೊಡೆದೆ. ಸೇವ್ ಮಾಡಿದೆ. ಆಮೇಲೆ ನಾನೇ ಡಬ್ಬಿಯನ್ನು ಆರಿಸಿ ಹೊತ್ತಿಸಿದೆ, ಎರಡು ಸಲ. ನೂರು ನೂರಾಗಿಯೇ ಉಳಿಯಿತು. ಹಿಂದಿನ ತೂಕದ ಮನೆಯದಕ್ಕೆ 200 ಕೊಟ್ಟೆ, ಕಚೇರಿಯದು ಕೆಟ್ಟರೂ ಪಟ್ಟ ಗೇಟಿಗೆ ಹೋಗದಿರಲಿ ಅಂತ. ಎಲ್ಲವನ್ನೂ ಫೈಲಿನಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ, ಚಿಕ್ಕಸ್ವಾಮಿಯವರ ಮೇಜಿನ ಮೇಲಿಟ್ಟೆ.

“ಮುಟ್ಬ್ಯಾಡಿ ಅಂದಿದ್ನಲ್ಲಮ್ಮ?”

“ಮುಟ್ಟಿದೆ ಸಾರ್. ಎರಡು ಸಲ. ಮೊದಲನೇ ಸಲ ಉಳಿಯಲಿಲ್ಲ, ಅದನ್ನೂ ಬರೆದಿದ್ದೇನೆ.”

ಅವರು ಫೈಲು ಮಡಚಿ ಬದಿಗಿಟ್ಟರು. “ಮೂವತ್ತು ಬರ್ಲಿ,” ಅಂದರು.

27 ನವೆಂಬರ್, ಶುಕ್ರವಾರ

ನಾಲ್ಕು ದಿನ ಹಾರನ್ ಇಲ್ಲ. ಚಿಕ್ಕಬೋರಮ್ಮ ಕಬ್ಬಿನ ಜಲ್ಲೆಯೊಂದನ್ನು ಕಿಟಕಿಯಲ್ಲಿ ತೂರಿಸಿ, “ಡಬ್ಬಿ ಆರ್ತದೆ, ಗಾಡಿ ಓಡ್ತದೆ. ಅದೇನ್ ಮಾಡ್ದೆ ಅಂತ ನಂಗ್ ಏಳ್ಬ್ಯಾಡ, ತಲೆ ಕೆಡ್ತದೆ,” ಅಂದಳು.

ಬೆಳಗ್ಗೆ ಎದ್ದದ್ದು ಆರಕ್ಕೆ. ಮಧ್ಯೆ ಅತ್ತೆಯೇ ಎತ್ತಿಕೊಂಡಿದ್ದರಂತೆ. ಸಂತೋಷ್‌ಗೆ ಈ ವಾರ ಬರುವಾಗ ನಾಗಮಂಗಲದ ಸಂತೆಯಿಂದ ಹುಣಸೆಹಣ್ಣು ತರಲು ಹೇಳಬೇಕು.

30 ನವೆಂಬರ್, ಸೋಮವಾರ

ರಘುನಂದನ್ ಹನ್ನೊಂದಕ್ಕೆ ಬಂದರು. ಚಿಕ್ಕಸ್ವಾಮಿಯವರ ಎದುರಿಗೇ ಕೇಬಲ್ಲು ಸಿಕ್ಕಿಸಿದರು. “ಯಾರು ಮೇಡಂ ಇದನ್ನು ಕೆಡಿಸಿದ್ದು? ಮುಖ್ಯ ಕಚೇರಿಗೆ ನೂರು?”

“ನಾನು. ಏಳು ದಿನದಿಂದ ಒಂದು ಸಲವೂ ನಿಂತಿಲ್ಲ. ಪುಸ್ತಕದ ಪುಟ ತೋರಿಸಲಾ?”

“ಮೇಡಂ, ನಾನು ಇಂಥ ಹದಿನೆಂಟು ಕಡೆ ಕೂರಿಸಿದ್ದೀನಿ. ಇದು ನಿಮಗೆ ಅರ್ಥ ಆಗುವಂಥದ್ದಲ್ಲ.” ಮತ್ತೆ 65535 ಹೊಡೆದರು, ಹಿಂದಿನದಕ್ಕೆ 32768. ಅರ್ಧ ನಿಮಿಷ ಎಲ್ಲ ನಿಂತಿತು, ಸಿಕ್ಕಿಕೊಂಡ ಪ್ರೋಗ್ರಾಮನ್ನು ನಾನೇ ಬಿಡಿಸಿದ ಮೇಲೆ ಹೊರಟಿತು. “ನೋಡಿ ಸಾರ್, ಈಗ ಸರಿಯಾಯ್ತು. ಅನುಮತಿ ಇಲ್ಲದೆ ಕೈಯಾಡಿಸಿದ್ದಾರೆ ಅಂತ ವರದಿಯಲ್ಲಿ ಬರೀತೀನಿ.” ಚಿಕ್ಕಸ್ವಾಮಿಯವರು ನನ್ನ ಕಡೆ ನೋಡದೆ ತಲೆಯಾಡಿಸಿದರು.

“ಎರಡು ಗಂಟೆಯ ತನಕ ಇರಿ, ಆಮೇಲೆ ಬರೆಯಿರಿ,” ಅಂದೆ. ಎರಡಕ್ಕೆ ಐದು ನಿಮಿಷ ಇದೆ ಅನ್ನುವಾಗ ಎದ್ದು ಮನೆಗೆ ಹೋದೆ. ನನ್ನ ಬಿಡುವು ಅದು.

ಅಭಿ ಬಾಯಿಡುವ ಹೊತ್ತಿಗೆ ಹಾರನ್ನು ಶುರುವಾದವು. ಹತ್ತು ನಿಮಿಷಕ್ಕೆ ಬಾಗಿಲಲ್ಲಿ ಚಿಕ್ಕಸ್ವಾಮಿಯವರೇ ನಿಂತಿದ್ದರು, ಉಸಿರು ಹತ್ತಿ, ಚಪ್ಪಲಿ ಕಳಚಿ. ಅತ್ತೆ ಮಣೆ ಹಾಕಿದರು. “ಕುಂತ್ಕಳಿ ಸ್ವಾಮಿ. ಮಗ ಕುಡೀತಾ ಅದೆ.”

“ಕುಂತ್ಕಳೋ ಹೊತ್ತಲ್ಲ ತಾಯಿ. ಗಾಡಿಯೋರು ಆಪೀಸ್ ಒಳಕ್ಕೇ ಬಂದವ್ರೆ.”

ನಾನು ಒಳಗಿನಿಂದಲೇ ಹೇಳಿದೆ: “ಸಾರ್, ನೂರು ಅಂತ ಹೊಡೆದು ಸೇವ್ ಮಾಡಲು ಹೇಳಿ. ಫೈಲಿನಲ್ಲಿ ಬರೆದಿದೆ. ಅದಕ್ಕೆ ನಾನೇ ಬೇಕಿಲ್ಲ.”

“ಅವ್ರು ಒಡೀತಾ ಇಲ್ಲ ಕಣಮ್ಮ. ನೂರು ತಪ್ಪು ಅಂತ್ಲೇ ಅವ್ರೆ.”

“ಹಾಗಾದರೆ ನಾನು ಬರುವ ತನಕ ಅವರಿಗೆ ಪುಸ್ತಕ ಓದಲು ಹೇಳಿ. ನಲವತ್ತೊಂದನೇ ಪುಟ.”

ಅಭಿ ಕುಡಿದು ಮುಗಿಸಿದ. ಭುಜಕ್ಕೆ ಹಾಕಿ ತೇಗಿಸಿದೆ. ಅತ್ತೆಯ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದೆ. ಓಡಲಿಲ್ಲ, ಆದರೆ ಬೇಗ ನಡೆದೆ. ಗಾಡಿಯವರ ಮೇಲೆ ನನಗೇನು ಸಿಟ್ಟು.

ಕೋಣೆಯ ಬಾಗಿಲಲ್ಲಿ ಚಿಕ್ಕಬೋರಮ್ಮ, ಅವಳ ಹಿಂದೆ ಇಪ್ಪತ್ತು ಜನ. ರಘುನಂದನ್ ಪುಸ್ತಕ ಹಿಡಿದಿದ್ದರು. ಕಿವಿ ಕೆಂಪಾಗಿತ್ತು. ಎದ್ದು ಕುರ್ಚಿ ಬಿಟ್ಟರು.

“ನೀವೇ ಕೂತುಕೊಳ್ಳಿ,” ಅಂದೆ. “ನಾನು ಹೇಳುತ್ತೇನೆ, ನೀವು ಹೊಡೆಯಿರಿ.”

ಕೂತರು. ಒಂದು ಅಂದೆ, ಹೊಡೆದರು. ಸೊನ್ನೆ ಅಂದೆ. ಇನ್ನೊಂದು ಸೊನ್ನೆ. ಈಗ ಸೇವ್. ಸಿಕ್ಕಿಹಾಕಿಕೊಂಡಿದ್ದ ಪ್ರೋಗ್ರಾಮನ್ನು ನಾನು ಬಿಡಿಸಿದೆ. ಕಿಟಕಿಯಾಚೆ ಮೊದಲ ಗಾಡಿ ಹಲಗೆ ಹತ್ತಿದ ಸದ್ದು ಕೇಳಿತು.

“ಲಿಂಗಾ, ಇನ್ನೊಂದ್ಸಲ ಸೊನ್ನೆ ತೋರ್ಸ್ಲಾ,” ಅಂತ ಚಿಕ್ಕಬೋರಮ್ಮ ಕೂಗಿದಳು. ಪಾಳಿಯ ಹೊತ್ತಲ್ಲ, ಆದರೂ ಆ ಗಾಡಿ ಹಲಗೆ ಇಳಿದ ಮೇಲೆ ಅವನು ತೋರಿಸಿದ. ಗೇಟಿನ ಮನೆ ಆರಿತು. ನಮ್ಮ ಪರದೆಯಲ್ಲಿ ಹಿಂದಿನ ತೂಕದ ಮನೆಯ ಅಂಕಿಗಳು ಒಂದರ ಕೆಳಗೆ ಒಂದು ಬೀಳುತ್ತಲೇ ಇದ್ದವು. ಎಲ್ಲರೂ ನೋಡಿದರು. ರಘುನಂದನ್ ವರದಿಯ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಸಂಜೆ ಚಿಕ್ಕಸ್ವಾಮಿಯವರ ಕೋಣೆಗೆ ಹೋಗಿ ಮೆಮೊ ಮೇಜಿನ ಮೇಲಿಟ್ಟೆ.

“ಇನ್ಯಾಕಮ್ಮ ಅದು? ಆಯ್ತಲ್ಲ. ನಾನ್ ಮರ್ತಾಯ್ತು, ನೀವೂ ಮರ್ತ್ಬುಡಿ.”

“ನಾನು ಮರೆಯುತ್ತೇನೆ ಸಾರ್. ಫೈಲು ಮರೆಯುವುದಿಲ್ಲ.”

ಅವರು ಪೆನ್ನಿನ ಮುಚ್ಚಳ ತೆಗೆದರು. “ಏನಂತ ಬರೀಲಿ?”

ಹೇಳಿದೆ. ಅವರು ಬರೆದರು: ‘ಜಾಲ ನಿಂತದ್ದು ಬ್ರಿಜ್‌ನ ಪ್ರಯಾರಿಟಿ ಸಂಖ್ಯೆಯನ್ನು ತಪ್ಪಾಗಿ ಕೊಟ್ಟದ್ದರಿಂದ, ಸಿಬ್ಬಂದಿಯ ಅಜಾಗರೂಕತೆಯಿಂದ ಅಲ್ಲ. ದೋಷವನ್ನು ಕಂಡುಹಿಡಿದು ಸರಿಪಡಿಸಿದವರು ಶ್ರೀಮತಿ ಚಂದ್ರಕಲ. ಮೆಮೊ ಹಿಂಪಡೆಯಲಾಗಿದೆ.’ ಸಹಿ ಹಾಕಿದರು. ತಾರೀಖು ಹಾಕಿದರು.

ಗೇಟಿನ ತನಕ ಬಂದು ಮತ್ತೊಮ್ಮೆ ಬಿಡಿಸಿ ಓದಿದೆ. ಸೀಲು ಇರಲಿಲ್ಲ. ವಾಪಸ್ ಹೋಗಿ ಹಾಕಿಸಿಕೊಂಡು ಬಂದೆ.